ತಾಂಡೂರಿನ ಪ್ರಶ್ನೆಪತ್ರಿಕೆ: ಮಕ್ಕಳ ಮೇಲೇ ಏಕೆ ಬೊಟ್ಟು?



ಪರೀಕ್ಷೆ ಹತ್ತಿರ ಬಂದಾಗಲೆಲ್ಲ ‘ಈಗಿನ ಮಕ್ಕಳಿಗೆ ಪ್ರಾಮಾಣಿಕತೆಯೇ ಇಲ್ಲ’ ಎಂಬ ದೂರು ಕೇಳಿಬರುತ್ತದೆ. ಹಾಗೆ ದೂರುವವರು ತಾಂಡೂರಿನ ಪ್ರಕರಣವನ್ನು ನೆನಪಿಸಿಕೊಳ್ಳಬೇಕು. 2023ರ ಏಪ್ರಿಲ್ 3, ತೆಲಂಗಾಣದಲ್ಲಿ ಹತ್ತನೇ ತರಗತಿ ಪರೀಕ್ಷೆಯ ಮೊದಲ ದಿನ. ಬೆಳಿಗ್ಗೆ 9.30ಕ್ಕೆ ತೆಲುಗು ಪತ್ರಿಕೆ ಶುರುವಾಯಿತು. ಏಳೇ ನಿಮಿಷದಲ್ಲಿ ತಾಂಡೂರಿನ ಸರ್ಕಾರಿ ಶಾಲೆಯ ಕೇಂದ್ರದೊಳಗೆ ಅದರ ಫೋಟೊ ತೆಗೆದದ್ದಾಯಿತು. ಆಮೇಲೆ ಅದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ಆರೋಪ ಬಂದದ್ದು ಪರೀಕ್ಷಾ ಕರ್ತವ್ಯದಲ್ಲಿದ್ದ ಶಿಕ್ಷಕರ ಮೇಲೆ. ಕೇಂದ್ರದ ಮುಖ್ಯಸ್ಥರೂ ಸೇರಿ ನಾಲ್ವರು ಅಮಾನತಾದರು. ಒಳಗಿದ್ದ ಮಕ್ಕಳು ತಮ್ಮ ಪಾಡಿಗೆ ತಾವು ಬರೆಯುತ್ತಿದ್ದರು.

ಮರುದಿನ ಹಿಂದಿ ಪತ್ರಿಕೆ. ಹನುಮಕೊಂಡ ಜಿಲ್ಲೆಯ ಕಮಲಾಪುರದಲ್ಲಿ ಹೊರಗಿನ ಹುಡುಗನೊಬ್ಬ ಕಿಟಕಿಯವರೆಗೆ ಹತ್ತಿಬಂದು, ಒಳಗೆ ಕೂತಿದ್ದ ವಿದ್ಯಾರ್ಥಿಯ ಪ್ರಶ್ನೆಪತ್ರಿಕೆಯ ಫೋಟೊ ತೆಗೆದ. ರಾಜಕೀಯ ನಾಯಕರ ಬಂಧನವಾಗಿ ದೊಡ್ಡ ಸುದ್ದಿಯಾಯಿತು. ಆ ಗದ್ದಲದಲ್ಲಿ, ಯಾರ ಪತ್ರಿಕೆಯ ಫೋಟೊ ತೆಗೆಯಲಾಯಿತೋ ಆ ವಿದ್ಯಾರ್ಥಿಯನ್ನು ಐದು ವರ್ಷ ಡಿಬಾರ್ ಮಾಡಿದರು. ಮನೆಯವರು ಹೈಕೋರ್ಟಿಗೆ ಹೋದ ಮೇಲೆಯೇ ಆತ ಉಳಿದ ಪತ್ರಿಕೆಗಳನ್ನು ಬರೆಯುವಂತಾಯಿತು. ಕೇಂದ್ರದ ಕಿಟಕಿ ಕಾಯಬೇಕಾದ ಕೆಲಸ ಯಾರದು? ಹತ್ತನೇ ತರಗತಿಯ ಹುಡುಗನದೇ? ಇದು ಶಿಸ್ತಲ್ಲ, ಅನ್ಯಾಯ.

ಈಗ ತೆಲಂಗಾಣದಲ್ಲಿರುವ ನಮ್ಮ ಜಹೀರಾಬಾದ್, ನಾರಾಯಣಖೇಡ್ 1956ರವರೆಗೆ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿ ಜಿಲ್ಲೆಯಲ್ಲಿತ್ತು. ಕೊಟ್ಟು ತಂದ ಸಂಬಂಧಗಳು ಇಂದಿಗೂ ಗಡಿಯ ಎರಡೂ ಕಡೆ ಇವೆ. ಪರೀಕ್ಷಾ ಅಕ್ರಮದ ಈ ರೋಗಕ್ಕೂ ಗಡಿ ಗೊತ್ತಿಲ್ಲ. ಕರ್ನಾಟಕದಲ್ಲಿ 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ನಡೆದ ಪರೀಕ್ಷೆಯಲ್ಲಿ ಅಭ್ಯರ್ಥಿಗಳ ಓಎಂಆರ್ ಹಾಳೆ ತುಂಬಿಕೊಟ್ಟ ಆರೋಪದ ಮೇಲೆ ಕಲಬುರಗಿಯ ಖಾಸಗಿ ಶಾಲೆಯೊಂದರ ಕೊಠಡಿ ಮೇಲ್ವಿಚಾರಕರೇ ಬಂಧನಕ್ಕೊಳಗಾದರು. ಕಡೆಗೆ ಇಡೀ ಪರೀಕ್ಷೆ ರದ್ದಾಯಿತು. ರಾತ್ರಿ ಹಗಲು ಓದಿ ಪಾಸಾದವರೂ ಬೀದಿಗೆ ಬಿದ್ದರು.

ಎಸ್‌ಎಸ್‌ಎಲ್‌ಸಿಯ ಕಥೆಯನ್ನೇ ನೋಡಿ. ಕರ್ನಾಟಕದಲ್ಲಿ 2023ರ ಫಲಿತಾಂಶ ಶೇ 83.89. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು; ಕೃಪಾಂಕವನ್ನು ಶೇ 20ಕ್ಕೆ ಏರಿಸಿದರೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. 2025ರಲ್ಲಿ ಆ ಹೆಚ್ಚುವರಿ ಕೃಪಾಂಕವೂ ಹೋಯಿತು. ತಾಂಡೂರಿನ ಪಕ್ಕದ ಕಲಬುರಗಿ ಜಿಲ್ಲೆ ಶೇ 42.43ರೊಂದಿಗೆ ರಾಜ್ಯಕ್ಕೇ ಕೊನೆಯಾಯಿತು. ಎರಡೇ ವರ್ಷದಲ್ಲಿ ಮಕ್ಕಳು ದಡ್ಡರಾದರೆಂದು ಯಾರೂ ನಂಬಲಾರರು. ಹಿಂದಿನ ಅಂಕಿಯಲ್ಲಿ ದೊಡ್ಡವರ ‘ಸಹಾಯ’ ಎಷ್ಟಿತ್ತೆಂದು ಕೇಳಲೇಬೇಕಾಗುತ್ತದೆ. ಫಲಿತಾಂಶ ಕುಸಿದರೆ ಮುಖ್ಯಶಿಕ್ಷಕರಿಗೆ ನೋಟಿಸ್ ಹೋಗುತ್ತದೆ. ನೋಟಿಸಿಗೆ ಹೆದರಿ ಒಂದು ಅಂಕದ ಪ್ರಶ್ನೆಗಳ ಉತ್ತರ ಪಿಸುಗುಟ್ಟುವ ಮೇಷ್ಟ್ರಿಂದ ಮಗು ಕಲಿಯುವುದೇನು? ವರ್ಷವಿಡೀ ಹೇಳಿಕೊಟ್ಟ ನೀತಿಪಾಠ ಆ ಒಂದೇ ಗಳಿಗೆಯಲ್ಲಿ ಅಳಿಸಿಹೋಗುತ್ತದೆ.

ಚೀಟಿ ಒಯ್ದ ವಿದ್ಯಾರ್ಥಿ ತಪ್ಪು ಮಾಡಿಲ್ಲ ಎಂದಲ್ಲ. ಅವನಿಗೆ ಶಿಕ್ಷೆ ಇರಲಿ, ಆದರೆ ವಿಚಾರಣೆಯ ನಂತರ ಇರಲಿ, ವಯಸ್ಸಿಗೆ ತಕ್ಕಂತಿರಲಿ. ಸೋರಿಕೆ ನಡೆದ ಕೇಂದ್ರಗಳ ಸಿಬ್ಬಂದಿಯ ಮೇಲೆ ಕೊನೆಗೆ ಏನು ಕ್ರಮವಾಯಿತು ಎಂಬುದನ್ನು ಎರಡೂ ರಾಜ್ಯಗಳ ಪರೀಕ್ಷಾ ಮಂಡಳಿಗಳು ಪ್ರಕಟಿಸಬೇಕು. ಅಮಾನತಿನ ಸುದ್ದಿಯೊಂದಿಗೇ ಕಡತ ಮುಚ್ಚಬಾರದು. ಬರೀ ಶೇಕಡಾವಾರು ನೋಡಿ ನೋಟಿಸ್ ಕೊಡುವ ಪದ್ಧತಿ ನಿಲ್ಲಬೇಕು.

ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ತಂದೆತಾಯಂದಿರಲ್ಲೂ ಒಂದು ವಿನಂತಿ. ಪರೀಕ್ಷೆ ಮುಗಿಸಿ ಬಂದ ಮಗುವನ್ನು ‘ರೂಮಿಗೆ ಯಾರು ಬಂದಿದ್ರು, ಸ್ಟ್ರಿಕ್ಟಾ?’ ಎಂದು ಕೇಳಬೇಡಿ. ಏನು ಬರೆದೆ ಎಂದು ಕೇಳಿ.

— ಓದುಗರೊಬ್ಬರು, ಜಹೀರಾಬಾದ್