ಹುಟ್ಟುಹಬ್ಬಕ್ಕೆ ಬೇಕಾದದ್ದು ನಾಲ್ಕು ಜನ

ದಾಖಲೆಗಳ ಪ್ರಕಾರ ನಾನು ಹುಟ್ಟಿದ್ದು 1959ರ ಜೂನ್ 1ರಂದು. ವಾಸ್ತವದಲ್ಲಿ ಅದು ನನ್ನನ್ನು ಶಾಲೆಗೆ ಸೇರಿಸುವಾಗ ಮುಖ್ಯೋಪಾಧ್ಯಾಯರು ಅಂದಾಜಿನ ಮೇಲೆ ಬರೆದುಕೊಂಡ ದಿನಾಂಕ. ಹಳ್ಳಿಗಾಡಿನ ನನ್ನ ಪೀಳಿಗೆಯ ಅನೇಕರ ಕಥೆಯೂ ಇದೇ. ಮಗು ಹುಟ್ಟಿದ್ದು ಯಾವ ಮಳೆಯ ಕಾಲದಲ್ಲಿ ಎಂಬುದು ತಾಯಿಗೆ ನೆನಪಿರುತ್ತಿತ್ತು. ಶಾಲೆಗೆ ಬೇಕಾಗಿದ್ದುದು ತಾರೀಖು. ಆ ತಾರೀಖು ಅಂಕಪಟ್ಟಿಯಿಂದ ಸೇವಾಪುಸ್ತಕಕ್ಕೆ, ಅಲ್ಲಿಂದ ಪಾಸ್‌ಪೋರ್ಟಿಗೆ ನಡೆದುಬಂತು. ತಿಂಗಳ ಮೊದಲ ದಿನ ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತರಾಗಬೇಕೆಂಬ ನಿಯಮವಿರುವುದರಿಂದ 2019ರ ಮೇ 31ರಂದು ಹಾರ ಹಾಕಿಸಿಕೊಂಡು ಮನೆಗೆ ಬಂದೆ. ಆ ದಿನಾಂಕದ ಕೆಲಸ ಅಲ್ಲಿಗೆ ಮುಗಿಯಿತೆಂದು ಭಾವಿಸಿದ್ದೆ.

2023ರಲ್ಲಿ ನಾನೂ ನನ್ನ ಪತ್ನಿಯೂ ಕ್ಯಾಲಿಫೋರ್ನಿಯಾದ ಫ್ರಿಮಾಂಟ್ ನಗರದಲ್ಲಿರುವ ಮಗಳ ಮನೆಗೆ ಹೋದೆವು. ಪ್ರವಾಸಿ ವೀಸಾದ ಮೇಲೆ ಮಕ್ಕಳ ಮನೆಗೆ ಹೋಗಿಬಂದ ಓದುಗರಿಗೆ ಆ ದಿನಗಳನ್ನು ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಮಗಳು, ಅಳಿಯ ಕೆಲಸಕ್ಕೆ, ಮೊಮ್ಮಗ ಶಾಲೆಗೆ. ಆಮೇಲೆ ಮನೆಯಲ್ಲಿ ನಾವಿಬ್ಬರೇ. ಕಾರು ಓಡಿಸಲು ಬಾರದವನಿಗೆ ಅಂಗಡಿಯೂ ದೂರ, ದೇವಸ್ಥಾನವೂ ದೂರ. ಮಕ್ಕಳು ಯಾವುದಕ್ಕೂ ಕೊರತೆ ಮಾಡಲಿಲ್ಲ. ಆದರೂ ಸಂಜೆಯವರೆಗೆ ಬಾಯಿಬಿಟ್ಟು ಮಾತನಾಡಲು ಇನ್ನೊಬ್ಬರಿಲ್ಲದ ಬಡತನ ಎಂಥದೆಂದು ಅಲ್ಲಿ ಮೊದಲ ಬಾರಿಗೆ ಅರಿವಾಯಿತು.

ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದ ಸರ್ಜನ್ ಜನರಲ್ ವಿವೇಕ್ ಮೂರ್ತಿ ಅವರು ಒಂಟಿತನದ ಕುರಿತು ಎಚ್ಚರಿಕೆಯ ವರದಿಯೊಂದನ್ನು ಹೊರಡಿಸಿದರು. ಸಾಮಾಜಿಕ ಸಂಪರ್ಕದ ಕೊರತೆಯಿಂದ ಅಕಾಲ ಮರಣಕ್ಕಿರುವ ಅಪಾಯವನ್ನು ದಿನಕ್ಕೆ ಹದಿನೈದು ಸಿಗರೇಟು ಸೇದುವ ಅಪಾಯಕ್ಕೆ ಅದು ಹೋಲಿಸಿತ್ತು. ಅವರ ಮನೆತನದ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ವೈದ್ಯಶಾಸ್ತ್ರ ಈಗ ಅಳೆದು ಹೇಳುತ್ತಿರುವುದನ್ನು ಹಲ್ಲೇಗೆರೆಯಂಥ ಊರುಗಳ ಅರಳಿಕಟ್ಟೆಗಳು ಬಹುಕಾಲದಿಂದ ಬಲ್ಲವು.

ಫ್ರಿಮಾಂಟಿನಲ್ಲಿ ಎಲಿಜಬೆತ್ ಸರೋವರದ ಬಳಿ ನಗರಾಡಳಿತವು ಹಿರಿಯರಿಗಾಗಿ ನಡೆಸುವ ಕೇಂದ್ರವೊಂದಿದೆ. ಮಗಳು ನಮ್ಮನ್ನು ಅಲ್ಲಿಗೆ ಕರೆದೊಯ್ದಳು. ಮೂರು ವಾರಗಳಲ್ಲಿ ನಮ್ಮದೊಂದು ಗುಂಪು ಕೂಡಿಕೊಂಡಿತು. ಗುಂಟೂರಿನ ನಿವೃತ್ತ ಗಣಿತ ಅಧ್ಯಾಪಕರು ಮತ್ತು ಅವರ ಪತ್ನಿ, ಪಂಜಾಬಿನ ವ್ಯಾಪಾರಿಯೊಬ್ಬರು, ಮತ್ತೆ ಕಾಬೂಲಿನಿಂದ ನಿರಾಶ್ರಿತರಾಗಿ ಬಂದು ನೆಲೆಸಿದ್ದ ವೃದ್ಧರೊಬ್ಬರು. ಫ್ರಿಮಾಂಟಿನಲ್ಲಿ ಅಫ್ಘನ್ನರು ಎಷ್ಟು ಮಂದಿಯೆಂದರೆ ಅಲ್ಲಿನ ಒಂದು ಭಾಗಕ್ಕೆ ‘ಪುಟ್ಟ ಕಾಬೂಲ್’ ಎಂಬ ಹೆಸರೇ ಬಿದ್ದಿದೆ. ಹಿಂದಿ ಚಲನಚಿತ್ರಗಳಿಂದ ಕಲಿತ ಅವರ ಹಿಂದಿ ನನ್ನ ಕಚೇರಿಯ ಹಿಂದಿಗಿಂತ ಎಷ್ಟೋ ಚೆನ್ನಾಗಿತ್ತು.

ನನ್ನ ಜನ್ಮದಿನಾಂಕ ಹೇಗೋ ಅವರ ಕಿವಿಗೆ ಬಿತ್ತು. ಜೂನ್ 1ರಂದು ನಾವು ಹೋಗುವಷ್ಟರಲ್ಲಿ ಸರೋವರದ ದಡದ ಮೇಜಿನ ಮೇಲೆ ಪುಳಿಹೋರ, ಅಫ್ಘನ್ ರೊಟ್ಟಿ, ಮೊಟ್ಟೆಯಿಲ್ಲದ ಕೇಕು ಎಲ್ಲವೂ ಸಿದ್ಧವಾಗಿದ್ದವು. ನನಗೆ ಸಂಕೋಚವಾಗಿ, ಇದು ನಿಜವಾದ ಜನ್ಮದಿನವಲ್ಲವೆಂದು ಮುಖ್ಯೋಪಾಧ್ಯಾಯರ ಕಥೆಯನ್ನು ಹೇಳಿಬಿಟ್ಟೆ. ಕಾಬೂಲಿನ ಹಿರಿಯರು ಜೋರಾಗಿ ನಕ್ಕರು. ಜನ್ಮದಾಖಲೆ ಇಲ್ಲದೆ ಬಂದ ಅನೇಕ ಅಫ್ಘನ್ ನಿರಾಶ್ರಿತರ ಕಾಗದಗಳಲ್ಲಿ ಜನವರಿ 1 ಎಂದು ನಮೂದಾಗಿದೆ, ಅವರದೂ ಹಾಗೆಯೇ. ‘ಭಾಯಿಸಾಹೇಬ್, ನಿಮ್ಮದನ್ನು ಮೇಷ್ಟ್ರು ಬರೆದರು, ನನ್ನದನ್ನು ಅಧಿಕಾರಿ ಬರೆದ. ಹುಟ್ಟಿದ್ದಂತೂ ಸುಳ್ಳಲ್ಲವಲ್ಲ, ಕೇಕು ಕತ್ತರಿಸಿ’ ಎಂದರು. ಅರವತ್ತನಾಲ್ಕು ವರ್ಷ ಬರಿಯ ದಾಖಲೆಯಾಗಿದ್ದ ದಿನ ಅಂದು ನನ್ನದಾಯಿತು.

ಊರಿನಲ್ಲಿದ್ದಾಗ ನಮ್ಮ ಸಂಭ್ರಮಕ್ಕೆ ನೆಂಟರು ತಾವಾಗಿಯೇ ಬರುತ್ತಾರೆ. ಪರದೇಶದಲ್ಲಿ ಆ ಸ್ಥಾನವನ್ನು ತುಂಬಬೇಕಾದವರು ಸ್ನೇಹಿತರು. ನೆಂಟಸ್ತಿಕೆ ಹುಟ್ಟಿನಿಂದ ಬರುತ್ತದೆ. ಸ್ನೇಹಕ್ಕೆ ಮಾತ್ರ ಸಮಯ ಬೇಕು, ಕೂತು ಮಾತನಾಡಲು ಜಾಗ ಬೇಕು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಹೇಳುವುದಾದರೆ, ಸ್ನೇಹವನ್ನು ಮಾರುಕಟ್ಟೆಯೂ ಸರ್ಕಾರವೂ ಒದಗಿಸಲಾರವು. ಆದರೆ ಅದು ಬೆಳೆಯುವ ಜಾಗವನ್ನು ಸರ್ಕಾರ ಖಂಡಿತ ಒದಗಿಸಬಲ್ಲದು. ಅಮೆರಿಕದಲ್ಲಿ ಹಿರಿಯರಿಗಾಗಿ 1965ರಲ್ಲಿ ಬಂದ ಕಾಯಿದೆಗೆ 1972ರಲ್ಲಿ ಸಾಮೂಹಿಕ ಊಟದ ಕಾರ್ಯಕ್ರಮ ಸೇರಿತು. ಹಸಿವು ತಗ್ಗಿಸುವುದರ ಜೊತೆಗೆ ಹಿರಿಯರನ್ನು ಪರಸ್ಪರ ಬೆರೆಯುವಂತೆ ಮಾಡುವುದೂ ಅದರ ಘೋಷಿತ ಉದ್ದೇಶ. ಅರವತ್ತು ದಾಟಿದವರು ಮನಸ್ಸಿದ್ದಷ್ಟು ಹಣ ಕೊಡಬಹುದು. ಆದಾಯ ಪ್ರಮಾಣಪತ್ರ ಕೇಳುವಂತಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಸೇವೆಯಲ್ಲಿದ್ದಾಗ ಒಮ್ಮೆ ವೃದ್ಧರಿಗಾಗಿ ಹಗಲು ಕೇಂದ್ರಗಳನ್ನು ತೆರೆಯುವ ಪ್ರಸ್ತಾವ ನನ್ನ ಮೇಜಿಗೆ ಬಂದಿತ್ತು. ‘ಅನುತ್ಪಾದಕ ವೆಚ್ಚ, ಸದ್ಯಕ್ಕೆ ಅಗತ್ಯವಿಲ್ಲ’ ಎಂದು ಷರಾ ಬರೆದು ಕಡತವನ್ನು ಹಿಂತಿರುಗಿಸಿದೆ. ಆ ಷರಾದ ಬೆಲೆ ಏನೆಂದು ತಿಳಿಯಲು ನಾನು ಫ್ರಿಮಾಂಟಿನ ಹಗಲುಗಳನ್ನು ಕಳೆಯಬೇಕಾಯಿತು.

2011ರ ಜನಗಣತಿಯಲ್ಲೇ ನಮ್ಮ ದೇಶದಲ್ಲಿ ಅರವತ್ತು ದಾಟಿದವರು 10 ಕೋಟಿಗೂ ಹೆಚ್ಚು. ಪೋಷಕರು ಮತ್ತು ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯಿದೆ ಮಕ್ಕಳಿಂದ ಜೀವನಾಂಶ ಕೊಡಿಸುತ್ತದೆ. ‘ಕಲ್ಯಾಣ’ ಎಂಬುದರ ವ್ಯಾಖ್ಯೆಯಲ್ಲಿ ಅದು ಮನರಂಜನಾ ಕೇಂದ್ರಗಳನ್ನೂ ಹೆಸರಿಸಿದೆ. ಆದರೆ ಆ ಪದವನ್ನು ಕಟ್ಟಡವಾಗಿ ನೋಡಿದ ಹಿರಿಯರು ಎಷ್ಟು ಮಂದಿ? ಜಯನಗರ, ಮಲ್ಲೇಶ್ವರಗಳ ದೊಡ್ಡ ಮನೆಗಳಲ್ಲಿ ವಿದೇಶದ ಮಕ್ಕಳು ಆನ್‌ಲೈನಿನಲ್ಲಿ ಕಳುಹಿಸಿದ ಕೇಕನ್ನು ಫೋನಿನ ಪರದೆಯ ಮುಂದೆ ಕತ್ತರಿಸಿ, ಉಳಿದದ್ದನ್ನು ಫ್ರಿಜ್ಜಿನಲ್ಲಿಡುವ ದಂಪತಿಗಳನ್ನು ನಾನು ಬಲ್ಲೆ. ಪರದೇಶದ ಒಂಟಿತನವನ್ನು ಅವರು ಸ್ವಂತ ಮನೆಯಲ್ಲೇ ಅನುಭವಿಸುತ್ತಿದ್ದಾರೆ. ಹೊಸ ಕಟ್ಟಡಗಳಿಗೆ ಕಾಯಬೇಕಾಗಿಲ್ಲ. ಮದುವೆಗಳಿಲ್ಲದ ದಿನ ಬೀಗ ಹಾಕಿರುವ ಸಮುದಾಯ ಭವನ, ಸಂಜೆ ಖಾಲಿಯಾಗುವ ಸರ್ಕಾರಿ ಶಾಲೆಯ ಒಂದು ಕೊಠಡಿ, ಹತ್ತು ಕುರ್ಚಿ, ಚಹಾ, ಬೀಗದ ಕೈಯ ಹೊಣೆ ಹೊರುವ ಒಬ್ಬ ನೌಕರ. ಆರಂಭಕ್ಕೆ ಇಷ್ಟು ಸಾಕು.

ಊರಿಗೆ ಮರಳಿದ ಮೇಲಿನ ಮೊದಲ ಜೂನ್ 1ರ ಬೆಳಿಗ್ಗೆ ಫ್ರಿಮಾಂಟಿನಿಂದ ಕರೆ ಬಂತು. ಅಲ್ಲಿ ಇನ್ನೂ ಮೇ 31ರ ಸಂಜೆ. ಕಾಬೂಲಿನ ಹಿರಿಯರು ಶುಭ ಹಾರೈಸಿ, ‘ಈ ಸಲ ಮೇಜಿನ ಸುತ್ತ ಯಾರಿದ್ದಾರೆ?’ ಎಂದು ಕೇಳಿದರು. ಹೆಸರು ಹೇಳಲು ನನಗೆ ತುಸು ಹೊತ್ತು ಬೇಕಾಯಿತು.