ಗೋವನ್ ಲೀ: ಬಾಡಿಗೆ ದೋಣಿಯ ಯುದ್ಧಲೆಕ್ಕ

ಸ್ಕಾಟ್ಲೆಂಡಿನ ಫ್ರೇಜರ್‌ಬರ್ಗ್ ಬಂದರಿನ ಉಗಿದೋಣಿ ‘ಗೋವನ್ ಲೀ’. ತೇಲುಬಲೆ ಬಿಟ್ಟು ಹೆರಿಂಗ್ ಮೀನು ಹಿಡಿಯುವುದಕ್ಕೆಂದು ಕಟ್ಟಿದ ಇಂಥ ‘ಡ್ರಿಫ್ಟರ್’ಗಳನ್ನು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ನೂರಾರು ಸಂಖ್ಯೆಯಲ್ಲಿ ಬಾಡಿಗೆಗೆ ಹಿಡಿಯಿತು. ದೋಣಿಯ ಜೊತೆಗೆ ಮೀನುಗಾರರೂ ಯುದ್ಧಕ್ಕೆ ಬಂದರು. ಶತಮಾನ ದಾಟಿದ ಮೇಲೆ ಈ ಒಂದು ದೋಣಿಯ ಸೇವೆಯನ್ನು ತೂಗಿದರೆ, ಅದರ ಮಂದಿಯ ಧೈರ್ಯವನ್ನೂ ಅವರನ್ನು ಅಲ್ಲಿಗೆ ಕಳಿಸಿದ ಯೋಜನೆಯನ್ನೂ ಒಂದೇ ತಕ್ಕಡಿಯಲ್ಲಿಡಲಾಗದು.

ಇಟಲಿಗೂ ಅಲ್ಬೇನಿಯಾಕ್ಕೂ ನಡುವಿನ ಒಟ್ರಾಂಟೊ ಜಲಸಂಧಿಯ ಅಗಲ ಸುಮಾರು 72 ಕಿ.ಮೀ. ಆಸ್ಟ್ರಿಯಾ-ಹಂಗೆರಿ ಮತ್ತು ಜರ್ಮನಿಯ ಜಲಾಂತರ್ಗಾಮಿಗಳು ಏಡ್ರಿಯಾಟಿಕ್‌ನಿಂದ ಮೆಡಿಟರೇನಿಯನ್‌ಗೆ ನುಸುಳುತ್ತಿದ್ದ ದಾರಿ ಇದು. ಅಲ್ಲಿ ಉಕ್ಕಿನ ಬಲೆ ಎಳೆದು ಕಾಯುವ ಕೆಲಸ ಡ್ರಿಫ್ಟರ್‌ಗಳಿಗೆ ಬಿತ್ತು. ಬಲೆಗೆ ಬಿದ್ದ ಜಲಾಂತರ್ಗಾಮಿಗಳು ಬೆರಳೆಣಿಕೆಯಷ್ಟೇ. 1916ರ ಮೇ ತಿಂಗಳಲ್ಲಿ ಸಿಕ್ಕ ಯು-6 ಅವುಗಳಲ್ಲೊಂದು. ಜಲಸಂಧಿ ಅಗಲ, ನೀರು ಆಳ; ಬಲೆಯ ಕೆಳಗೆ ದಾರಿ ತೆರೆದೇ ಇತ್ತು.

1917ರ ಮೇ 15ರ ನಸುಕಿನಲ್ಲಿ ಆಸ್ಟ್ರಿಯಾ-ಹಂಗೆರಿಯ ನೌಕಾಧಿಕಾರಿ ಮಿಕ್ಲೋಶ್ ಹೋರ್ಟಿ ನೇತೃತ್ವದ ನೋವಾರಾ, ಹೆಲ್ಗೋಲ್ಯಾಂಡ್, ಸೈಡಾ ಎಂಬ ಮೂರು ಕ್ರೂಸರ್‌ಗಳು 47 ಡ್ರಿಫ್ಟರ್‌ಗಳ ಸಾಲಿನ ಮೇಲೆ ಎರಗಿದವು. ಪ್ರತಿ ಕ್ರೂಸರ್‌ನಲ್ಲೂ 100 ಮಿ.ಮೀ.ನ ಒಂಬತ್ತು ತೋಪು; ಡ್ರಿಫ್ಟರ್‌ನಲ್ಲಿ 57 ಮಿ.ಮೀ.ನ ಒಂದೇ ಒಂದು. ಸುಮಾರು 90 ಮೀಟರ್ ದೂರದಿಂದ, ದೋಣಿ ಬಿಟ್ಟು ಇಳಿಯಿರಿ ಎಂಬ ಕೂಗು ಬಂತು. ಗೋವನ್ ಲೀಯ ತಾಂಡೇಲ ಜೋಸೆಫ್ ವಾಟ್ ಪೂರ್ಣ ವೇಗದಲ್ಲಿ ಮುನ್ನುಗ್ಗಲು ಆಜ್ಞೆ ಕೊಟ್ಟರು. ಒಂದು ಗುಂಡು ಹಾರುವಷ್ಟರಲ್ಲಿ ಶತ್ರುವಿನ ಏಟಿಗೆ ತೋಪು ಕೆಟ್ಟಿತು. ತೋಪಿನವರು ಗುಂಡಿನ ಮಳೆಯಲ್ಲೂ ಅದನ್ನು ಸರಿಪಡಿಸಲು ಹೆಣಗಿದರು. ಕ್ರೂಸರ್ ಮುಂದೆ ಸಾಗಿದ ಮೇಲೆ ವಾಟ್, ಜರ್ಜರಿತವಾಗಿದ್ದ ‘ಫ್ಲೋಂಡಿ’ ಎಂಬ ಡ್ರಿಫ್ಟರ್‌ನ ಪಕ್ಕಕ್ಕೆ ದೋಣಿ ತಂದು ಸತ್ತವರನ್ನೂ ಗಾಯಾಳುಗಳನ್ನೂ ಇಳಿಸಿಕೊಳ್ಳಲು ನೆರವಾದರು. ವಾಟ್ ಅವರಿಗೆ ವಿಕ್ಟೋರಿಯಾ ಕ್ರಾಸ್ ಶೌರ್ಯಪದಕ ಬಂತು.

ಆ ದಿನ 14 ಡ್ರಿಫ್ಟರ್‌ಗಳು ಮುಳುಗಿದವು, 72 ಮಂದಿ ಸೆರೆಯಾದರು. ಶತ್ರುವಿನ ಕೂಗಿಗೆ ಮಣಿದು ದೋಣಿ ಬಿಟ್ಟವರನ್ನು ಹೇಡಿಗಳೆನ್ನುವ ಹಕ್ಕು ಯಾರಿಗೂ ಇಲ್ಲ. ಒಂದೇ ತೋಪಿನಿಂದ ಒಂಬತ್ತು ತೋಪುಗಳನ್ನು ಎದುರಿಸೆಂದು ಅವರನ್ನು ನಿಲ್ಲಿಸಿದ್ದೇ ತಪ್ಪು. ಹಿಂದಿನ ಡಿಸೆಂಬರ್‌ನಲ್ಲೂ ಆಸ್ಟ್ರಿಯಾದ ವಿಧ್ವಂಸಕ ನೌಕೆಗಳು ಇದೇ ಸಾಲಿನ ಮೇಲೆ ದಾಳಿ ಮಾಡಿದ್ದವು. ಎಚ್ಚರಿಕೆ ಸಿಕ್ಕಿತ್ತು, ರಕ್ಷಣೆ ಸಾಲದಾಗಿತ್ತು. ದೊಡ್ಡ ನಷ್ಟದ ನಂತರವಷ್ಟೇ ಡ್ರಿಫ್ಟರ್‌ಗಳನ್ನು ರಾತ್ರಿ ಕಾವಲಿನಿಂದ ಹಿಂದಕ್ಕೆ ಕರೆಯಲಾಯಿತು. ಅಂದರೆ ದಾಳಿಕೋರರ ಉದ್ದೇಶ ಬಹುಪಾಲು ಈಡೇರಿತು.

ಹಾಗಾದರೆ ಸೇವೆ ವ್ಯರ್ಥವೇ? ಅಲ್ಲ. 1916ರ ಆರಂಭದಲ್ಲಿ ಅಲ್ಬೇನಿಯಾದ ತೀರಕ್ಕೆ ಹಸಿದು ಬಂದ ಸರ್ಬಿಯಾದ ಸೈನ್ಯವನ್ನು ಸಮುದ್ರ ದಾಟಿಸಿದ ಕಾರ್ಯದಲ್ಲೂ ಡ್ರಿಫ್ಟರ್‌ಗಳಿದ್ದವು. ಅದಕ್ಕಾಗಿ ವಾಟ್ ಅವರಿಗೆ ಸರ್ಬಿಯಾದ ಪದಕ ಸಂದಿತು. ಜೀವ ಉಳಿಸಿದ ಈ ಕೆಲಸವೂ ಫ್ಲೋಂಡಿಯ ಪಕ್ಕ ನಡೆದ ಕೆಲಸವೂ ಯಾವ ಬಲೆಗಿಂತಲೂ ಹೆಚ್ಚು ಫಲ ಕೊಟ್ಟವು.

ಯುದ್ಧ ಮುಗಿದ ಮೇಲೆ ವಾಟ್ ಮತ್ತೆ ಮೀನು ಹಿಡಿಯಲು ಹೋದರು, 1955ರಲ್ಲಿ ತೀರಿಕೊಂಡರು. ಅವರ ಪದಕಕ್ಕೆ ನಮಿಸುವವರು ಇನ್ನೊಂದು ಮಾತನ್ನೂ ಒಪ್ಪಬೇಕು. ದುಡಿಯುವ ದೋಣಿಯನ್ನೂ ದುಡಿಯುವ ಮಂದಿಯನ್ನೂ ಯುದ್ಧಕ್ಕೆ ಕರೆದ ಸರ್ಕಾರ ಬಾಡಿಗೆ ಕೊಟ್ಟರಷ್ಟೇ ಸಾಲದು, ಬೆಂಗಾವಲನ್ನೂ ಕೊಡಬೇಕು. ವೀರರನ್ನು ಗೌರವಿಸುವುದರ ಜೊತೆಗೆ, ಅವರ ಶೌರ್ಯದ ಹಿಂದೆ ಅಡಗಿಕೊಳ್ಳುವ ನಿರ್ಲಕ್ಷ್ಯವನ್ನು ಹೆಸರಿಟ್ಟು ಹೇಳುವುದೂ ಇತಿಹಾಸದ ಕರ್ತವ್ಯ.