ಗದ್ದೆಯ ಮೇಲೆ ನಿಂತು ಸ್ವರ್ಗ ಎನ್ನುವವರಿಗೆ

ಹಿಮದ ಬಗ್ಗೆ ಕನ್ನಡದಲ್ಲಿ ಬರುವ ಪ್ರವಾಸ ಲೇಖನಗಳಿಗೆ ಒಂದು ಸಿದ್ಧ ಶಬ್ದಕೋಶವಿದೆ. ಬೆಳ್ಳಿಯ ಹೊದಿಕೆ, ಹತ್ತಿಯ ಹಾಸು, ಧರೆಗಿಳಿದ ಸ್ವರ್ಗ, ಮಾತು ಮರೆಸುವ ಮೌನ. ಕೊನೆಗೆ ಲೇಖಕರು ಹಿಮದಲ್ಲಿ ಉರುಳಾಡಿ ‘ಮಗುವಾಗುತ್ತಾರೆ’. ಪ್ರವಾಸ ಕಥನಗಳ ಮೇಲೆ ಸಂಶೋಧನೆ ಮಾಡುತ್ತಿರುವ ನಾನು ಇಂಥವನ್ನು ರಾಶಿಗಟ್ಟಲೆ ಓದಿದ್ದೇನೆ. ಊರಿನ ಹೆಸರು ಅಳಿಸಿದರೆ ಮನಾಲಿ ಯಾವುದು, ಸ್ವಿಟ್ಜರ್‌ಲೆಂಡ್ ಯಾವುದು, ಜಪಾನ್ ಯಾವುದು ಎಂದು ಯಾರೂ ಹೇಳಲಾರರು. ಅವರ ಖುಷಿಯ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಜನ ಬದುಕುತ್ತಿರುವ ಊರೊಂದನ್ನು ಈ ಭಾಷೆ ಖಾಲಿ ಹಾಳೆ ಮಾಡಿಬಿಡುತ್ತದೆ. ನನ್ನ ತಕರಾರು ಅಷ್ಟೇ.

ಜಪಾನನ್ನೇ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಸೈಬೀರಿಯದಿಂದ ಬೀಸುವ ಒಣ ಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ಬೆಚ್ಚನೆಯ ನೀರಿನಿಂದ ತೇವ ಹೀರಿಕೊಂಡು, ಹೊನ್ಷು ದ್ವೀಪದ ಬೆಟ್ಟಸಾಲಿಗೆ ಬಡಿದು ಹಿಮವಾಗಿ ಸುರಿಯುತ್ತದೆ. ಬೆಟ್ಟದ ಈಚೆ ಟೋಕಿಯೊದಲ್ಲಿ ಒಣ ಬಿಸಿಲು, ಆಚೆ ನೀಗಾತದಲ್ಲಿ ಆಳೆತ್ತರ ಮೀರಿದ ಹಿಮ. ಅರಬ್ಬಿ ಸಮುದ್ರದ ಗಾಳಿಯನ್ನು ತಡೆದು ಆಗುಂಬೆಯನ್ನು ನೆನೆಸಿ, ಬಯಲುಸೀಮೆಯನ್ನು ಒಣಗಿಸುವ ನಮ್ಮ ಘಟ್ಟದ ಲೆಕ್ಕವೇ ಅಲ್ಲಿಯೂ. ಆ ದೇಶದ ಸುಮಾರು ಅರ್ಧ ಭೂಭಾಗವನ್ನು ಕಾನೂನೇ ಭಾರೀ ಹಿಮದ ಪ್ರದೇಶವೆಂದು ಗುರುತಿಸಿದೆ. ಅಲ್ಲಿ ಊರುಗಳಿವೆ, ಶಾಲೆಗಳಿವೆ, ಗದ್ದೆಗಳಿವೆ.

ವಿಚಾರ ಸಂಕಿರಣಕ್ಕೆಂದು ಟೋಕಿಯೊಗೆ ಹೋಗಿದ್ದಾಗ ಫೆಬ್ರವರಿಯ ಒಂದು ಬಿಡುವಿನ ದಿನ ನೀಗಾತದ ಮತ್ಸುನೊಯಾಮಾದಲ್ಲಿ ಹೊಸಬರಿಗಾಗಿ ನಡೆಸುವ ಸ್ನೋಶೂ ನಡಿಗೆಗೆ ಸೇರಿಕೊಂಡೆ. ಸ್ನೋಶೂ ಎಂದರೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅಗಲವಾದ ಚೌಕಟ್ಟು. ಅದು ಮೈಭಾರವನ್ನು ಹರಡುತ್ತದೆ, ಕಾಲು ಹೂಳುವುದಿಲ್ಲ. ಹಿಮ್ಮಡಿ ಸಡಿಲ, ಅಡಿಯಲ್ಲಿ ಲೋಹದ ಹಲ್ಲು. ಕಾಲನ್ನು ತುಸು ಅಗಲಿಸಿ ಇಡಬೇಕು, ಇಲ್ಲದಿದ್ದರೆ ನಮ್ಮ ಚೌಕಟ್ಟನ್ನು ನಾವೇ ಮೆಟ್ಟಿ ಮುಗ್ಗರಿಸುತ್ತೇವೆ. ಹೊಸ ಹಿಮದಲ್ಲಿ ಮುಂದಿನವರು ತುಳಿದು ದಾರಿ ಮಾಡಬೇಕು, ಹಿಂದಿನವರಿಗೆ ನಡಿಗೆ ಸಲೀಸು. ಮುಂದಿನವರು ಬೇಗ ದಣಿಯುವುದರಿಂದ ಸರದಿ ಬದಲಾಗುತ್ತಿರುತ್ತದೆ. ಹಿಮ ತಳ್ಳುವ ಯಂತ್ರವೊಂದರ ಹೆಸರಿನಿಂದ ಬಂದ ‘ರಸ್ಸೆಲ್’ ಎಂಬ ಮಾತು ಜಪಾನಿನ ಚಾರಣಿಗರಲ್ಲಿ ಈ ಕೆಲಸಕ್ಕೆ ಬಳಕೆಯಲ್ಲಿದೆ.

ಇಳಿಜಾರಿನ ಒಂದು ಸಮತಟ್ಟಿನಲ್ಲಿ ಎಲ್ಲರೂ ಫೋನು ತೆಗೆದಾಗ, ಅರವತ್ತು ದಾಟಿದ ನಮ್ಮ ಮಾರ್ಗದರ್ಶಿ ಕೋಲನ್ನು ಹಿಮಕ್ಕೆ ಚುಚ್ಚಿ, “ನೀವೀಗ ನಿಂತಿರುವುದು ಗದ್ದೆಯ ಮೇಲೆ” ಎಂದರು. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳು. ವಸಂತದಲ್ಲಿ ಕರಗಿ ಇಳಿಯುವ ಈ ನೀರೇ ಅವಕ್ಕೆ ಆಧಾರ.

ಮುಂದೆ ‘ಬಿಜಿನ್‌ಬಯಾಶಿ’, ಅಂದರೆ ಸುಂದರಿಯರ ಕಾಡು. ನೆಟ್ಟಗೆ ನಿಂತ ಬೀಚ್ ಮರಗಳು. ಇದನ್ನು ನೋಡಿದವರು ‘ಮನುಷ್ಯ ಮುಟ್ಟದ ನಿಸರ್ಗ’ ಎಂದು ಬರೆಯದೆ ಇರಲಾರರು. ಆದರೆ ಸುಮಾರು ನೂರು ವರ್ಷದ ಹಿಂದೆ ಇದ್ದಿಲಿಗಾಗಿ ಈ ಜಾಗವನ್ನು ಕಡಿದು ಬರಿದು ಮಾಡಿದ್ದರು. ಆಮೇಲೆ ಒಟ್ಟಿಗೆ ಚಿಗುರಿದ್ದರಿಂದಲೇ ಮರಗಳೆಲ್ಲ ಒಂದೇ ಪ್ರಾಯ, ಒಂದೇ ಎತ್ತರ. ಆ ಚೆಲುವಿನಲ್ಲಿ ಕೊಡಲಿಯ ಪಾಲಿದೆ.

ಈ ಜಗಳ ಹೊಸದಲ್ಲ. ಇದೇ ನೀಗಾತ ಸೀಮೆಯ ಶಿಯೊಜಾವಾದ ಬಟ್ಟೆ ವ್ಯಾಪಾರಿ ಸುಜುಕಿ ಬೊಕುಶಿ (1770–1842) ತನ್ನ ನಾಡಿನ ಹಿಮದ ಬಗ್ಗೆ ‘ಹೊಕುಎತ್ಸು ಸೆಪ್ಪು’ ಎಂಬ ಪುಸ್ತಕ ಬರೆದ. ಅದನ್ನು ಅಚ್ಚಿಗೆ ತರಲು ಎದೋ ನಗರದ ಹೆಸರಾಂತ ಲೇಖಕರ ಬೆನ್ನು ಹತ್ತಿ ದಶಕಗಳನ್ನೇ ಕಳೆದ. ಮೊದಲ ಭಾಗ ಹೊರಬಂದದ್ದು 1837ರಲ್ಲಿ. ಅವನ ಸಿಟ್ಟು ನೇರ: ಬೆಚ್ಚನೆಯ ನಾಡಿನವರಿಗೆ ಹಿಮವೆಂದರೆ ಕವಿತೆ ಮತ್ತು ಮದ್ಯ, ನಮಗೆ ಮೊದಲ ಹಿಮ ಬಿದ್ದಾಗಲೇ ಚಿಂತೆ ಶುರು. ಬಗ್ಗಿಸಿದ ಕಡ್ಡಿಯಿಂದ ಮಾಡುವ ‘ಕಂಜಿಕಿ’ ಎಂಬ ಹಿಮಪಾದುಕೆಯನ್ನೂ ಅವನು ವಿವರಿಸುತ್ತಾನೆ. ಹಳ್ಳಿಗರು ಅದನ್ನು ಕಟ್ಟಿಕೊಂಡು ಹಿಮ ತುಳಿದದ್ದು ದಾರಿಗಾಗಿ. ನಾವು ಬಾಡಿಗೆ ಕೊಟ್ಟು ಆಡಿದ ಆಟ ಅವರಿಗೆ ಬೆಳಗಿನ ಕೆಲಸ. ಕವಾಬತನ ‘ಹಿಮದ ನಾಡು’ ಓದಿದವರು ರೈಲು ಸುರಂಗವನ್ನು ಮರೆಯುವುದಿಲ್ಲ. ಅದರಲ್ಲಿ ಹಿಮದ ಮೇಲೆ ಹಾಸಿ ಬಿಳುಪು ಮಾಡುವ ಚಿಜಿಮಿ ಬಟ್ಟೆಯ ಭಾಗಕ್ಕೆ ಬೊಕುಶಿಯ ಪುಸ್ತಕ ಆಧಾರ ಎಂಬುದು ಎಷ್ಟು ಜನರಿಗೆ ನೆನಪಿದೆ?

ಇದೆಲ್ಲ ಹಳೆಯ ಕಾಲದ ಕಥೆ ಎನ್ನಬೇಡಿ. 2005–06ರ ಚಳಿಗಾಲದಲ್ಲಿ ಜಪಾನಿನಲ್ಲಿ ಹಿಮದಿಂದ 152 ಜನ ಸತ್ತರು. ಅವರಲ್ಲಿ ಬಹಳಷ್ಟು ಮಂದಿ ಹಿಮ ತೆಗೆಯುವಾಗ ಪ್ರಾಣ ಬಿಟ್ಟ ವೃದ್ಧರು. ಮಕ್ಕಳು ಪಟ್ಟಣ ಸೇರಿದ ಮೇಲೆ ಮಾಡು ಹತ್ತಿ ಹಿಮ ತಳ್ಳಲು ಉಳಿದವರು ಅವರೇ. ತಳ್ಳದೆ ಬಿಟ್ಟರೆ ಭಾರಕ್ಕೆ ಮನೆ ಕುಸಿಯುತ್ತದೆ. ‘ಹತ್ತಿಯ ಹಾಸು’ ಎಂದು ಬರೆಯುವವರು ಒಂದು ಸಲ ಆ ಹತ್ತಿಯನ್ನು ಸಲಿಕೆಯಲ್ಲಿ ಎತ್ತಿ ನೋಡಬೇಕು.

“ಒಂದು ದಿನದ ಪ್ರವಾಸಿಯ ತಲೆಯ ಮೇಲೆ ಇಷ್ಟು ಹೊರೆ ಯಾಕೆ? ನಾವು ಹೋಗುವುದರಿಂದ ಆ ಊರಿಗೂ ನಾಲ್ಕು ಕಾಸು ಸಿಗುತ್ತದಲ್ಲ?” ಎನ್ನಬಹುದು. ಖಂಡಿತ ಹೋಗಿ, ಕುಣಿಯಿರಿ. ಆದರೆ ಕಾಸು ಕೊಟ್ಟವರು ಊರಿನ ಕಥೆ ಅಳಿಸುವ ಹಕ್ಕನ್ನೂ ಕೊಂಡಂತಲ್ಲ. ಬರೆಯಲು ಕುಳಿತ ಕ್ಷಣದಿಂದ ನೀವು ಬರೀ ಪ್ರವಾಸಿಯಲ್ಲ, ಸಾಕ್ಷಿ.

ನಾನು ಮಲೆನಾಡಿನ ಕೂಸು. ಮಳೆಗಾಲಕ್ಕೆ ಮುಂಚೆ ಮನೆಯ ಗೋಡೆಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದು ನಮ್ಮಲ್ಲಿ ವರ್ಷದ ಕೆಲಸ. ಮತ್ಸುನೊಯಾಮಾದ ಮನೆಗಳಿಗೂ ಚಳಿಗಾಲಕ್ಕೆ ಮುಂಚೆ ಹಲಗೆ ಕಟ್ಟುತ್ತಾರೆ, ‘ಯುಕಿಗಾಕೊಯಿ’ ಎನ್ನುತ್ತಾರೆ. ಬೆಂಗಳೂರಿನಿಂದ ಬಂದವರು ನಮ್ಮ ಮಳೆಯನ್ನು ಸ್ವರ್ಗ ಎಂದು ಬರೆದಾಗ, ತಟ್ಟಿ ಕಟ್ಟಿದ ಕೈ ಆ ಬರಹದಲ್ಲಿ ಇರುವುದಿಲ್ಲ ಎಂದು ನಾವು ರೇಗುತ್ತೇವೆ. ಅದೇ ಅನ್ಯಾಯವನ್ನು ಇನ್ನೊಬ್ಬರ ಹಿಮಕ್ಕೆ ಮಾಡಲು ನಮಗೆ ಯಾವ ಬಾಯಿ ಇದೆ?

ಸ್ನೋಶೂ ಕಟ್ಟಿಕೊಂಡವರು ಓಡಲಾರರು, ಜಾರಲಾರರು. ಒಂದೊಂದು ಹೆಜ್ಜೆಗೂ ಭಾರ ಊರಲೇಬೇಕು. ಹಿಮದ ಬಗ್ಗೆ ಬರೆಯುವವರೂ ಅಷ್ಟು ನಿಧಾನವಾಗಲಿ. ವಿಶೇಷಣ ಹುಡುಕುವ ಮುಂಚೆ ಮೂರು ಪ್ರಶ್ನೆ ಕೇಳಲಿ: ಇದರ ಕೆಳಗೆ ಏನಿದೆ? ಈ ದಾರಿ ತುಳಿದವರು ಯಾರು? ನಾವು ಹೋದ ಮೇಲೆ ಮಾಡು ಹತ್ತುವವರು ಯಾರು?